ಉಲ್ಟಾ ಕುದುರೆ ಗಾಡಿ: ಟ್ರೇಲರ್ ಎಳೆಯಲು ಡೀಸೆಲ್ಲೋ ಪೆಟ್ರೋಲೋ

ನನ್ನದು ಉಲ್ಟಾ ಕುದುರೆ ಗಾಡಿ. ಕುದುರೆ ಗಾಡಿಯನ್ನು ಎಳೆಯುವುದಿಲ್ಲ, ಗಾಡಿಯೇ ಎರಡು ಕುದುರೆಗಳನ್ನು ಟ್ರೇಲರಿನಲ್ಲಿ ಎಳೆದುಕೊಂಡು ಹೋಗುತ್ತದೆ. ಹನ್ನೆರಡು ವರ್ಷದಿಂದ ಹೀಗೇ ಓಡಾಡುತ್ತಿದ್ದೇನೆ. ಇಷ್ಟರಲ್ಲಿ ಮೂರು ಗಾಡಿ ಕಂಡಿದ್ದಾಯಿತು. ಮೊದಲನೆಯದು 2.4 ಲೀಟರಿನ ಪೆಟ್ರೋಲ್, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಪು) ಇಲ್ಲದ್ದು. ಎರಡನೆಯದು 2.2 ಲೀಟರಿನ ಟರ್ಬೊ ಡೀಸೆಲ್. ಮೂರನೆಯದೂ 2.2 ಲೀಟರಿನ ಟರ್ಬೊ ಡೀಸೆಲ್ಲೇ. ಎರಡನೆಯದನ್ನು ಕೊಂಡದ್ದು ನನ್ನ ದೊಡ್ಡ ಪೆದ್ದುತನಗಳಲ್ಲಿ ಒಂದು. ಮೂರನೆಯದು ಒಂದು ದಿನವೂ ತಲೆನೋವು ಕೊಟ್ಟಿಲ್ಲ. ಎಂಜಿನ್ ಹೆಚ್ಚುಕಡಿಮೆ ಒಂದೇ. ನಡುವೆ ಬದಲಾದದ್ದು ನನ್ನ ದಿನಚರಿ ಮಾತ್ರ.

ಅದಕ್ಕೇ ಯಾರಾದರೂ ಫೋನ್ ಮಾಡಿ "ಟ್ರೇಲರ್ ಎಳೆಯೋಕೆ ಡೀಸೆಲ್ ತಗೊಳ್ಳಲಾ, ಪೆಟ್ರೋಲ್ ತಗೊಳ್ಳಲಾ?" ಎಂದು ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: "ಟ್ರೇಲರ್ ಕಟ್ಟದ ದಿನ ಗಾಡಿ ಎಲ್ಲಿಗೆ ಹೋಗುತ್ತೆ?" ಕೇಳಿದವರಿಗೆ ಕಸಿವಿಸಿ ಆಗುತ್ತದೆ. ಅವರು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲದ ಬಗ್ಗೆ ಮಾತಾಡಲು ಸಿದ್ಧವಾಗಿ ಬಂದಿರುತ್ತಾರೆ. ಟಾರ್ಕಿಗೂ ಬರೋಣ, ಆದರೆ ಮೊದಲು ಒಂದು ನೋಟ್‌ಬುಕ್ ಬೇಕು.

ಒಂದು ತಿಂಗಳು ಬರೆದಿಡಿ

ಈಗ ಇರುವ ಗಾಡಿಯ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು ಇಡಿ. ಪ್ರತಿ ಸಲ ಗಾಡಿ ನಿಲ್ಲಿಸಿದಾಗ ಮೂರೇ ವಿಷಯ ಬರೆಯಿರಿ: ಎಷ್ಟು ಕಿ.ಮೀ., ಎಷ್ಟು ನಿಮಿಷ, ಟೆಂಪರೇಚರ್ ಮುಳ್ಳು ನಡುವಿಗೆ ಬಂದು ಎಷ್ಟು ಹೊತ್ತು ನಿಂತಿತು. ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಮಂಗಳವಾರ ಹೀಗಿದೆ: "3 ಕಿ.ಮೀ., 9 ನಿಮಿಷ, ಮುಳ್ಳು ಏಳಲಿಲ್ಲ. 3 ಕಿ.ಮೀ., 11 ನಿಮಿಷ, ಏಳಲಿಲ್ಲ. 2 ಕಿ.ಮೀ., 6 ನಿಮಿಷ, ಏಳಲಿಲ್ಲ." ಬುಧವಾರವೂ ಅದೇ. ಗುರುವಾರವೂ ಅದೇ. ಬೇಸರದ ವಿಷಯವೆಂದರೆ ಇದನ್ನು ನಾನು ಬರೆದದ್ದು ಡೀಸೆಲ್ ಕೊಂಡು ಎಂಟು ತಿಂಗಳಾದ ಮೇಲೆ.

ಇನ್ನೊಂದು ಕೆಲಸ, ಟ್ರೇಲರನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಮಾಡಿಸುವುದು. ಅಂದಾಜು ಬೇಡ. ನನ್ನ ಟ್ರೇಲರ್ ಖಾಲಿ ಇದ್ದಾಗ 850 ಕೆ.ಜಿ. ಎಂದು ಅದರ ತಗಡಿನ ಮೇಲೆಯೇ ಬರೆದಿದೆ, ಕುದುರೆಗಳು ಇನ್ನೂ ಎಳೆಯವು, ಎರಡೂ ಸೇರಿ ಎಂಟುನೂರರ ಒಳಗೇ ಇರಬಹುದು, ಒಟ್ಟು ಸಾವಿರದ ಆರುನೂರು ಎಂದು ವರ್ಷಗಟ್ಟಲೆ ನಂಬಿಕೊಂಡಿದ್ದೆ. ಮುಳ್ಳು ತೋರಿಸಿದ್ದು 1,960. ಕುದುರೆಗಳು ಬೆಳೆದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದಿನಾ ನೋಡುವವರಿಗೆ ಬೀಳುವುದೂ ಇಲ್ಲ. ಅದರ ಜೊತೆಗೆ ನೆಲಕ್ಕೆ ಹಾಸಿದ ದಪ್ಪ ರಬ್ಬರ್ ಮ್ಯಾಟ್, ಎರಡು ಜೀನು, ಅರವತ್ತು ಲೀಟರ್ ನೀರು, ಹುಲ್ಲಿನ ಹೊರೆ. ದೋಣಿ ಎಳೆಯುವವರಿಗೂ ಇದೇ ಕಥೆ: ದೋಣಿಯ ತೂಕ ಗೊತ್ತಿರುತ್ತದೆ, ಅದರ ಮೋಟಾರು, ತುಂಬಿದ ಟ್ಯಾಂಕು, ಹಗ್ಗ, ಲಂಗರುಗಳ ತೂಕ ಗೊತ್ತಿರುವುದಿಲ್ಲ.

ಈ ಎರಡು ಸಂಖ್ಯೆ ಕೈಯಲ್ಲಿದ್ದರೆ ಅರ್ಧ ತೀರ್ಮಾನ ಆದ ಹಾಗೆ.

ಏರಿನಲ್ಲಿ ಏನಾಗುತ್ತದೆ

ಈಗ ಟಾರ್ಕ್. ಡೀಸೆಲ್‌ನಲ್ಲಿ ಟಾರ್ಕ್ ಜಾಸ್ತಿ, ಅದಕ್ಕೆ ಎಳೆಯಲು ಅದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಏರಿನಲ್ಲಿ ಭಾರವನ್ನು ಮೇಲಕ್ಕೆ ಒಯ್ಯುವುದು ಪವರ್, ಅಂದರೆ ಟಾರ್ಕನ್ನು ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳಿಂದ) ಗುಣಿಸಿದ್ದು. ನ್ಯೂಟನ್ ಮೀಟರ್‌ನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಷೋರೂಮಿನಲ್ಲಿ ಯಾರೂ ಟೋಪಿ ಹಾಕಲಾರರು.

ನನ್ನ ಗಾಡಿ, ಅದರೊಳಗಿನ ಜನ, ಸಾಮಾನು ಸೇರಿ ಸುಮಾರು 2,040 ಕೆ.ಜಿ. ಟ್ರೇಲರ್ ಸೇರಿದರೆ ಒಟ್ಟು 4,000. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ, ಅಂದರೆ ಶೇ. 6ರ ಏರಿನಲ್ಲಿ, ಗಂಟೆಗೆ 60 ಕಿ.ಮೀ. ವೇಗ ಉಳಿಸಿಕೊಳ್ಳಬೇಕು ಅನ್ನಿ. ಭಾರವನ್ನು ಮೇಲೆತ್ತುವುದಕ್ಕೇ 39 ಕಿಲೋವ್ಯಾಟ್ ಬೇಕು. ಟೈರ್ ಉರುಳುವುದಕ್ಕೆ ಎಂಟು, ಗಾಳಿ ಸೀಳುವುದಕ್ಕೆ ಐದಾರು. ಗೇರ್‌ಬಾಕ್ಸು, ಆಕ್ಸಲ್ಲುಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿದರೆ ಎಂಜಿನ್ ಸುಮಾರು 60 ಕಿಲೋವ್ಯಾಟ್ ಕೊಡಬೇಕು. 80 ಹಾರ್ಸ್‌ಪವರ್ ಎಂದಿಟ್ಟುಕೊಳ್ಳಿ. ಹಿಂದೆ ನಿಂತಿರುವ ನನ್ನ ಎರಡು ಹಾರ್ಸುಗಳ ಪವರ್ ಇದರಲ್ಲಿ ಸೇರಿಲ್ಲ.

60 ಕಿಲೋವ್ಯಾಟ್ ಎರಡೂ ಎಂಜಿನ್ ಕೊಡುತ್ತವೆ. ಕೊಡುವ ರೀತಿ ಬೇರೆ. ಈಗಿನ ಡೀಸೆಲ್‌ನಲ್ಲಿ 380 ನ್ಯೂಟನ್ ಮೀಟರ್ ಇದೆ, ಅದೂ 1,600 ಆರ್‌ಪಿಎಂನಿಂದಲೇ. 2,000 ಆರ್‌ಪಿಎಂನಲ್ಲಿ 60 ಕಿಲೋವ್ಯಾಟ್‌ಗೆ ಬೇಕಾದದ್ದು 286 ಮಾತ್ರ. ಅಂದರೆ ಎಂಜಿನ್ ತನ್ನ ಶಕ್ತಿಯ ಮುಕ್ಕಾಲು ಬಳಸಿ, ಮೆಲುದನಿಯಲ್ಲಿ ಗುನುಗುತ್ತ ಏರುತ್ತದೆ. ಹಳೆಯ ಪೆಟ್ರೋಲ್‌ನಲ್ಲಿ ಇದ್ದದ್ದು 215 ನ್ಯೂಟನ್ ಮೀಟರ್, ಅದೂ 4,000 ಆರ್‌ಪಿಎಂ ಹತ್ತಿರ. ಅದೇ ಏರಿಗೆ ಅದು 3,000 ದಾಟಲೇಬೇಕಿತ್ತು. ಎಸಿ ಹಾಕಿದ್ದರೆ 3,500. ಎರಡನೇ ಗೇರಿಗೆ ಇಳಿಸಿ ಕಾಲು ಒತ್ತಿ ಹಿಡಿದರೆ ಒಳಗೆ ಕೂತವರು ಜೋರಾಗಿ ಮಾತಾಡಬೇಕು.

ಆ ಸದ್ದಿಗೆ ಹೆದರಬೇಡಿ ಎನ್ನುವುದು ಪೆಟ್ರೋಲ್ ಕೊಳ್ಳುವವರಿಗೆ ನನ್ನ ಮೊದಲ ಮಾತು. ಪೆಟ್ರೋಲ್ ಎಂಜಿನ್ ಇರುವುದೇ ಹಾಗೆ ತಿರುಗಲು. ಸದ್ದು ಜಾಸ್ತಿ ಆಯಿತೆಂದು ಮೇಲಿನ ಗೇರಿಗೆ ಹಾಕಿ ಕಡಿಮೆ ಆರ್‌ಪಿಎಂನಲ್ಲಿ ಉಸಿರುಗಟ್ಟಿಸಿ ಎಳೆಸುವವರೇ ಅದನ್ನು ಹಾಳು ಮಾಡುವುದು. ಈಗಿನ ಸಣ್ಣ ಟರ್ಬೊ ಪೆಟ್ರೋಲ್‌ಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು: ಕಡಿಮೆ ಆರ್‌ಪಿಎಂ, ಹೆಚ್ಚು ಭಾರ ಸೇರಿದಾಗ ಕಿಡಿ ಹತ್ತುವ ಮೊದಲೇ ಇಂಧನ ತಾನಾಗಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಸಾಧ್ಯತೆ ಇದೆ. ಅದನ್ನು ತಡೆಯುವಂತೆ ಪರೀಕ್ಷಿಸಿದ ಎಂಜಿನ್ ಆಯಿಲ್‌ಗೆ ಎಪಿಐ ಎಸ್‌ಪಿ ಎಂಬ ದರ್ಜೆ 2020ರಿಂದ ಬಂದಿದೆ. ಟರ್ಬೊ ಪೆಟ್ರೋಲ್‌ನಲ್ಲಿ ಎಳೆಯುವವರು ಡಬ್ಬಿಯ ಹಿಂದೆ ಅದನ್ನು ಓದಿ ಹಾಕಿಸಿ.

ಎತ್ತರದ ಜಾಗಗಳಿಗೆ ಹೋಗುವವರಿಗೆ ಇನ್ನೊಂದು ಲೆಕ್ಕ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಹತ್ತಿರ ಹತ್ತಿರ ಶೇ. 10 ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವ ಕಾರಣಕ್ಕೆ. ಟರ್ಬೊ ಇದ್ದದ್ದು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ಇದು ಡೀಸೆಲ್–ಪೆಟ್ರೋಲ್ ವ್ಯತ್ಯಾಸ ಅಲ್ಲವೇ ಅಲ್ಲ, ಟರ್ಬೊ ಇದೆಯೇ ಇಲ್ಲವೇ ಎನ್ನುವ ವ್ಯತ್ಯಾಸ. ಹಳೆಯ ಕಾಲದ ಟರ್ಬೊ ಇಲ್ಲದ ಪೆಟ್ರೋಲನ್ನೂ ಹೊಸ ಟರ್ಬೊ ಡೀಸೆಲನ್ನೂ ಹೋಲಿಸಿ ನೋಡಿದವರ ಮಾತೇ ಇವತ್ತಿಗೂ ಸುತ್ತಾಡುತ್ತಿದೆ. ಟರ್ಬೊ ಪೆಟ್ರೋಲ್ ಬಂದ ಮೇಲೆ ಏರಿನ ವಾದದಲ್ಲಿ ಡೀಸೆಲ್‌ನ ಮೇಲುಗೈ ಎಷ್ಟೋ ತಗ್ಗಿದೆ.

ತಗ್ಗದೆ ಉಳಿದದ್ದು ಇಂಧನದ ಖರ್ಚಿನಲ್ಲಿ. ಪೆಟ್ರೋಲ್ ಎಂಜಿನ್ ಭಾರ ಹೊತ್ತು ತುಂಬ ಹೊತ್ತು ಏರಿದರೆ ಸೈಲೆನ್ಸರ್ ಕಡೆಯ ಬಿಸಿ ಮಿತಿ ಮೀರುತ್ತದೆ. ಅದನ್ನು ತಣಿಸಲು ಕಂಪ್ಯೂಟರ್ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಒಂದು ಪಾಲು ಎಳೆಯಲು, ಇನ್ನೊಂದು ಪಾಲು ಬರೀ ತಂಪು ಮಾಡಲು. ಡೀಸೆಲ್‌ಗೆ ಈ ಖರ್ಚಿಲ್ಲ. ಜೊತೆಗೆ ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲ್‌ಗಿಂತ ಶೇ. 10ಕ್ಕಿಂತ ಹೆಚ್ಚು ಶಕ್ತಿ ಅಡಗಿದೆ, ಡೀಸೆಲ್ ಎಂಜಿನ್ ಗಾಳಿಯನ್ನು ಹೆಚ್ಚು ಬಿಗಿಯಾಗಿ ಒತ್ತುವುದರಿಂದ ಆ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಕೆಲಸಕ್ಕೆ ಹಚ್ಚುತ್ತದೆ. ನನ್ನ ನೋಟ್‌ಬುಕ್ ಪ್ರಕಾರ ಹಳೆಯ ಪೆಟ್ರೋಲ್ ಖಾಲಿ ಓಡಿದಾಗ ಲೀಟರಿಗೆ 10.5 ಕಿ.ಮೀ., ಕುದುರೆ ಕಟ್ಟಿದಾಗ 5.8. ಡೀಸೆಲ್ ಖಾಲಿ 13, ಕುದುರೆ ಕಟ್ಟಿದಾಗ 8.9. ಒಂದು ಎಚ್ಚರಿಕೆ: ಗಾಳಿ ಸೀಳಲು ಬೇಕಾದ ಪವರ್ ವೇಗದ ಘನದಂತೆ ಏರುತ್ತದೆ. 60ರಿಂದ 80ಕ್ಕೆ ಹೋದರೆ ಅದು ದುಪ್ಪಟ್ಟಿಗಿಂತ ಹೆಚ್ಚು. ಎತ್ತರದ ಟ್ರೇಲರ್ ಎಳೆಯುವವರು ಎಂಜಿನ್ ಬದಲಿಸುವ ಮೊದಲು ಹತ್ತು ಕಿ.ಮೀ. ವೇಗ ತಗ್ಗಿಸಿ ನೋಡಬಹುದು, ಅದಕ್ಕೆ ಖರ್ಚಿಲ್ಲ.

ಕುದುರೆ ಇದ್ದವರಿಗೆ ನನ್ನದೊಂದು ಮೀಟರ್ ಇದೆ: ಟ್ರೇಲರ್ ಒಳಗೆ ಕಟ್ಟುವ ಹುಲ್ಲಿನ ಬಲೆ. ನಿರಾಳವಾಗಿರುವ ಕುದುರೆ ದಾರಿಯುದ್ದಕ್ಕೂ ಮೇಯುತ್ತದೆ. ಕಾಲು ಜಾರದಂತೆ ನಿಲ್ಲುವುದೇ ಕೆಲಸವಾದ ಕುದುರೆ ಹುಲ್ಲು ಮುಟ್ಟುವುದಿಲ್ಲ. ಪೆಟ್ರೋಲ್ ಕಾಲದಲ್ಲಿ ಏರುರಸ್ತೆ ಮುಗಿಸಿ ಬಾಗಿಲು ತೆಗೆದರೆ ಬಲೆ ಕಟ್ಟಿದ ಹಾಗೇ ಇರುತ್ತಿತ್ತು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮೂರಕ್ಕೆ, ಎರಡಕ್ಕೆ, ಮತ್ತೆ ಮೂರಕ್ಕೆ ಎಂದು ತಡಕಾಡುತ್ತಿತ್ತು, ಪ್ರತಿ ಸಲವೂ ಒಂದು ಜಗ್ಗು. ತಪ್ಪು ಪೆಟ್ರೋಲ್‌ನದ್ದಲ್ಲ, ಗೇರನ್ನು ಕೈಯಾರೆ ಎರಡರಲ್ಲಿ ಕಟ್ಟಿಹಾಕದ ನನ್ನದು ಎಂದು ಆಮೇಲೆ ಗೊತ್ತಾಯಿತು. ಟೋ ಮೋಡ್ (ಭಾರ ಎಳೆಯುವಾಗ ಬಳಸುವ ಗುಂಡಿ) ಇದ್ದರೆ ಒತ್ತಿ. ಇಲ್ಲದಿದ್ದರೆ ಕೈಯಲ್ಲೇ ಗೇರ್ ಹಿಡಿದಿಡಿ.

ನನ್ನ ಪೆದ್ದುತನದ ಕಥೆ

ಎರಡನೆಯ ಗಾಡಿಯನ್ನು ಕೊಂಡದ್ದು ಮೇಲಿನ ಲೆಕ್ಕವನ್ನೆಲ್ಲ ಮಾಡಿಯೇ. ಏರಿಗೆ ಡೀಸೆಲ್, ಮೈಲೇಜಿಗೆ ಡೀಸೆಲ್, ಮುಗಿಯಿತು ಎಂದುಕೊಂಡೆ. ಆಗ ಕುದುರೆಗಳು ಮನೆಯಿಂದ ಮೂರು ಕಿ.ಮೀ. ದೂರದ ಲಾಯದಲ್ಲಿದ್ದವು. ಬೆಳಿಗ್ಗೆ ಹೋಗಿ ಬರುವುದು, ಸಂಜೆ ಹೋಗಿ ಬರುವುದು. ತಿಂಗಳಿಗೆ ಒಂದೋ ಎರಡೋ ಸಲ ಮಾತ್ರ ಟ್ರೇಲರ್ ಕಟ್ಟಿ ದೂರ.

ಈಗಿನ ಡೀಸೆಲ್‌ಗಳ ಸೈಲೆನ್ಸರ್ ಸಾಲಿನಲ್ಲಿ ಹೊಗೆಯ ಮಸಿ ಹಿಡಿಯುವ ಜರಡಿ ಇರುತ್ತದೆ. ಡಿಪಿಎಫ್ ಎನ್ನುತ್ತಾರೆ. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟುಹಾಕಬೇಕು. ಹೆದ್ದಾರಿಯಲ್ಲಿ ಭಾರ ಎಳೆಯುತ್ತ ಹೋದರೆ ಒಂದಿಷ್ಟು ಮಸಿ ತಾನಾಗಿಯೇ ಸುಡುತ್ತಿರುತ್ತದೆ. ಹಾಗಾಗದಿದ್ದರೆ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚುಚ್ಚಿ ಬಿಸಿ ಏರಿಸುತ್ತದೆ, ಅದಕ್ಕೆ ಎಂಜಿನ್ ಕಾದಿರಬೇಕು, ಹತ್ತು–ಇಪ್ಪತ್ತು ನಿಮಿಷ ನಿಲ್ಲಿಸದೆ ಓಡುತ್ತಿರಬೇಕು. ಒಂಬತ್ತು ನಿಮಿಷದಲ್ಲಿ ನಾನು ಲಾಯದ ಮುಂದೆ ಬೀಗದ ಕೈ ತಿರುಗಿಸಿರುತ್ತಿದ್ದೆ.

ಗಾಡಿ ಹೇಳುತ್ತಲೇ ಇತ್ತು, ನನಗೆ ಕೇಳಿಸಲಿಲ್ಲ. ಕೆಲವು ದಿನ ಗಾಡಿ ನಿಲ್ಲಿಸಿದ ಮೇಲೂ ಮುಂದಿನ ಫ್ಯಾನ್ ಐದು ನಿಮಿಷ ಬುಸುಗುಟ್ಟುತ್ತಿತ್ತು. ನಿಂತಲ್ಲಿ 750 ಇರಬೇಕಾದ ಆರ್‌ಪಿಎಂ ಸಾವಿರಕ್ಕೆ ಏರಿರುತ್ತಿತ್ತು. ಬಾನೆಟ್ ಬಳಿ ಕಾದ ಕಬ್ಬಿಣದ ವಾಸನೆ. ಇವೆಲ್ಲ "ಸುಡುವ ಕೆಲಸ ನಡೆದಿದೆ, ಆರಿಸಬೇಡ" ಎನ್ನುವ ಸೂಚನೆಗಳು. ನಾನು ಪ್ರತಿ ಸಲ ಆರಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಸ್ಪರ್ಧೆಗೆ ಹೊರಟಿದ್ದೆ, ಎರಡೂ ಕುದುರೆ ಹಿಂದೆ. ಹನ್ನೆರಡು ಕಿ.ಮೀ. ದಾಟುವಷ್ಟರಲ್ಲಿ ಎರಡು ಕೆಂಪು ದೀಪ, ಆಮೇಲೆ ಯಾರೋ ಹಿಂದಿನಿಂದ ಬಾಲ ಹಿಡಿದು ಎಳೆದ ಹಾಗೆ ಗಾಡಿ ಮಂಕಾಯಿತು. ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಕತ್ತರಿಸಿತ್ತು. ಗಂಟೆಗೆ 30 ಕಿ.ಮೀ. ಮೀರಲಿಲ್ಲ. ರಸ್ತೆ ಬದಿ ನೆರಳಿಗೆ ಹಾಕಿ, ಕುದುರೆಗಳಿಗೆ ಬಕೆಟ್‌ನಲ್ಲಿ ನೀರು ಕೊಡುತ್ತ ಮೂರು ಗಂಟೆ ಕೂತೆ.

ವರ್ಕ್‌ಶಾಪಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಮೊದಲು ಮಾಡಿದ ಕೆಲಸ, ಆಯಿಲ್ ಕಡ್ಡಿ ಎಳೆದು ನನಗೇ ತೋರಿಸಿದ್ದು. ಆಯಿಲ್ ಮೇಲಿನ ಗುರುತಿಗಿಂತ ಅರ್ಧ ಬೆರಳು ಮೇಲಿತ್ತು. "ಮೂಸಿ ನೋಡಿ" ಎಂದರು. ಡೀಸೆಲ್ ವಾಸನೆ. ಅರ್ಧಕ್ಕೇ ನಿಂತ ಪ್ರತಿ ಸುಡುವಿಕೆಯಲ್ಲೂ ಚುಚ್ಚಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಬೆರೆತಿತ್ತು, ಆಯಿಲ್ ನೀರಾಗಿತ್ತು. ಇನ್ನೊಂದು ತಿಂಗಳು ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು ಎಂದರು. ಬಿಲ್ ಬರೆಯುತ್ತ ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ: "ಗಾಡಿಗೆ ಕಾಯಿಲೆ ಇಲ್ಲ ನೋಡಿ. ನಿಮ್ಮ ದಾರಿ ಗಿಡ್ಡ."

ಎರಡು ವರ್ಷದ ಮೇಲೆ ಲಾಯ ಬೇರೆ ಕಡೆ ಹೋಯಿತು. ಈಗ ಹೋಗಲು 40 ಕಿ.ಮೀ., ಬರಲು 40, ಬಹುಪಾಲು ಹೆದ್ದಾರಿ, ವಾರಕ್ಕೆ ನಾಲ್ಕು ದಿನ. ಮೂರನೆಯ ಗಾಡಿಯಲ್ಲೂ ಅದೇ ಜರಡಿ ಇದೆ. ಅದರ ದೀಪ ಹೇಗಿರುತ್ತದೆ ಎಂದು ನಾನು ಇದುವರೆಗೆ ನೋಡಿಲ್ಲ.

ಹಾಗಾಗಿ ನಿಮ್ಮ ನೋಟ್‌ಬುಕ್ ತೆಗೆಯಿರಿ. ವಾರದಲ್ಲಿ ಒಂದೆರಡು ಸಲವಾದರೂ ಅರ್ಧ ಗಂಟೆ ಎಡೆಬಿಡದ, ಬಿಸಿ ಎಂಜಿನ್ನಿನ ಓಟ ಇದೆಯೇ? ಇಲ್ಲದಿದ್ದರೆ, ಟ್ರೇಲರ್ ಎಷ್ಟೇ ಭಾರ ಇರಲಿ, ಹೊಸ ಡೀಸೆಲ್ ಕೊಳ್ಳುವ ಮೊದಲು ಎರಡು ಸಲ ಯೋಚಿಸಿ. "ಭಾನುವಾರ ಒಂದು ರೌಂಡ್ ಹೊಡೆಸಿದರಾಯಿತು" ಎನ್ನುವವರಿದ್ದಾರೆ. ನಾನೂ ಹಾಗೆ ಹೇಳಿದ್ದೆ, ಮೂರು ಭಾನುವಾರ ಹೊಡೆಸಿದೆ, ನಾಲ್ಕನೆಯದಕ್ಕೆ ಮಳೆ ಬಂತು.

ಮೂಗಿಗಿಂತ ಮೂಗುತಿ ಭಾರ

ಎಂಜಿನ್ ಎಷ್ಟೇ ಗಟ್ಟಿ ಇದ್ದರೂ ಎಳೆಯುವ ಮಿತಿ ಅದೊಂದರಿಂದ ನಿರ್ಧಾರ ಆಗುವುದಿಲ್ಲ. ಬ್ರೇಕು, ಛಾಸಿ, ರೇಡಿಯೇಟರ್, ಗೇರ್‌ಬಾಕ್ಸ್ ಕೂಲರ್, ಹಿಂದಿನ ಆಕ್ಸಲ್ ಎಲ್ಲ ಸೇರಿ ಆ ಸಂಖ್ಯೆ ಬರುತ್ತದೆ. ಅಮೆರಿಕದಲ್ಲಿ ಇದಕ್ಕೆ ಎಸ್‌ಎಇ ಜೆ2807 ಎಂಬ ಪರೀಕ್ಷೆ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ, ಹೊರಗೆ 38 ಡಿಗ್ರಿ ಬಿಸಿಲಿದ್ದಾಗ, ಎಸಿಯನ್ನು ಪೂರ್ತಿ ತಿರುಗಿಸಿ, ಪೂರ್ತಿ ಭಾರ ಎಳೆದುಕೊಂಡು ಸುಮಾರು 18 ಕಿ.ಮೀ. ಹತ್ತಬೇಕು, ಸಾಮಾನ್ಯ ಗಾಡಿಯ ವೇಗ 64 ಕಿ.ಮೀ.ಗಿಂತ ಇಳಿಯಬಾರದು. ಶೇ. 12ರ ಏರಿನಲ್ಲಿ ನಿಂತಲ್ಲಿಂದ ಐದು ನಿಮಿಷದಲ್ಲಿ ಐದು ಸಲ ಮುಂದಕ್ಕೆ ಹೊರಡಬೇಕು, ಐದು ಸಲ ಹಿಂದಕ್ಕೆ. ಒಂದೇ ಮಿತಿ ಬರೆದಿರುವ ಪೆಟ್ರೋಲೂ ಡೀಸೆಲೂ ಇಂಥ ಪರೀಕ್ಷೆ ಪಾಸಾಗಿದ್ದರೆ ಎರಡೂ ಆ ಭಾರ ಎಳೆಯುತ್ತವೆ, ಅನುಮಾನ ಬೇಡ. ಹತ್ತುವಾಗ ಒಂದು ಕೂಗಿರುತ್ತದೆ, ಇನ್ನೊಂದು ಗುನುಗಿರುತ್ತದೆ, ಅಷ್ಟೇ.

ಷೋರೂಮಿನಲ್ಲಿ ಯಾರೂ ಬಾಯಿ ಬಿಡದ ಸಂಗತಿ ಒಂದಿದೆ. ಡೀಸೆಲ್ ಎಂಜಿನ್ ತಾನೇ ಭಾರ. ಗಾಡಿ ಹೊರಬಹುದಾದ ಒಟ್ಟು ತೂಕ ಒಂದೇ ಇದ್ದು ಎಂಜಿನ್ ಭಾರವಾದರೆ ಜನ, ಸಾಮಾನು, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲಿನ ಒತ್ತಡಕ್ಕೆ ಉಳಿಯುವ ಪಾಲು ಕಡಿಮೆ. ನಾನು ನೋಡಿದ ಒಂದೇ ಮಾಡೆಲ್‌ನ ಎರಡು ಗಾಡಿಗಳಲ್ಲಿ ಡೀಸೆಲ್‌ನದ್ದು 110 ಕೆ.ಜಿ. ಕಡಿಮೆ ಹೊರುತ್ತಿತ್ತು, ಆದರೆ ಎಳೆಯುವ ಮಿತಿ ಹೆಚ್ಚಿತ್ತು. ಟ್ರೇಲರಿನ ಮೂತಿ ಗಾಡಿಯ ಹಿಂಭಾಗವನ್ನು ಒತ್ತುವ ಭಾರವೂ ಗಾಡಿ ಹೊರುವ ತೂಕದಲ್ಲೇ ಸೇರುತ್ತದೆ. ಮನೆಮಂದಿ ಐವರು, ಹಿಂದೆ ಸಾಮಾನು, ಹಿಚ್ ಮೇಲೆ ನೂರು ಕೆ.ಜಿ. ಎಂದಾಗ ಎಳೆಯುವ ಮಿತಿ ಮುಟ್ಟುವ ಮೊದಲೇ ಹೊರುವ ಮಿತಿ ಮುಗಿದಿರುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಓದಿ, ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿ ನೋಡಿ. ಟ್ರೇಲರ್ ಗಾಡಿಗಿಂತ ಭಾರವಾಗಿದ್ದರಂತೂ ಮೂಗಿಗಿಂತ ಮೂಗುತಿ ಭಾರ. ಅಲ್ಲಿಗೆ ಎಂಜಿನ್ ಚರ್ಚೆ ನಿಲ್ಲಿಸಿ ದೊಡ್ಡ ಗಾಡಿ ಹುಡುಕಿ.

ಇಳಿಯುವಾಗ

ಡೀಸೆಲ್ ಇಳಿಜಾರಿನಲ್ಲೂ ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ಅರ್ಧ ಸತ್ಯವೂ ಅಲ್ಲ. ಪೆಟ್ರೋಲ್‌ನಲ್ಲಿ ಕಾಲು ತೆಗೆದರೆ ಗಾಳಿ ಒಳಬರುವ ಬಾಗಿಲು ಮುಚ್ಚಿಕೊಳ್ಳುತ್ತದೆ, ಎಂಜಿನ್ ಆ ಮುಚ್ಚಿದ ಬಾಗಿಲ ವಿರುದ್ಧ ಉಸಿರೆಳೆಯಲು ಹೆಣಗುತ್ತದೆ, ಅದೇ ಬ್ರೇಕು. ಡೀಸೆಲ್‌ನಲ್ಲಿ ಹಾಗೆ ಗಾಳಿ ತಡೆಯುವ ಬಾಗಿಲಿಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ ಪಿಸ್ಟನ್ನನ್ನು ವಾಪಸ್ ದೂಡುತ್ತದೆ. ಎಕ್ಸಾಸ್ಟ್ ಬ್ರೇಕ್ (ಹೊಗೆ ಹೊರಹೋಗುವ ದಾರಿ ಕಟ್ಟಿ ಎಂಜಿನ್ನನ್ನು ತಡೆಯುವುದು) ಇರುವ ಡೀಸೆಲ್‌ನ ಮಾತೇ ಬೇರೆ, ಅದು ದೊಡ್ಡ ಪಿಕಪ್‌ಗಳಲ್ಲಿ ಸಿಗುತ್ತದೆ. ನನ್ನಂಥವರ ಗಾಡಿಯಲ್ಲಿ ಇರುವುದಿಲ್ಲ. ನನ್ನ ಹಳೆಯ ಪೆಟ್ರೋಲ್ ಎರಡನೇ ಗೇರಿನಲ್ಲಿ ನಿಲ್ಲುತ್ತಿದ್ದ ಇಳಿಜಾರಿನಲ್ಲಿ ಮೊದಲ ಡೀಸೆಲ್ ಮೆಲ್ಲಗೆ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ಎರಡರಲ್ಲೂ ಟ್ರೇಲರಿಗೆ ಅದರದೇ ಬ್ರೇಕ್ ಇರಬೇಕು, ಇಳಿಯಲು ಶುರು ಮಾಡುವ ಮೊದಲೇ ಗೇರ್ ಇಳಿಸಿರಬೇಕು.

ದುಡ್ಡಿನ ಲೆಕ್ಕವನ್ನು ಲೀಟರಿನಲ್ಲಿ ಮಾಡಿ

ಇಂಧನದ ದರ ಬದಲಾಗುತ್ತಲೇ ಇರುತ್ತದೆ, ಅದಕ್ಕೆ ನಾನು ದುಡ್ಡನ್ನು ಲೀಟರಿಗೆ ಪರಿವರ್ತಿಸಿಕೊಂಡು ಯೋಚಿಸುತ್ತೇನೆ. ನಿಮ್ಮದು ವರ್ಷಕ್ಕೆ ಟ್ರೇಲರ್ ಕಟ್ಟಿ 3,000 ಕಿ.ಮೀ., ಖಾಲಿ 8,000 ಎಂದಿಟ್ಟುಕೊಂಡರೆ ಮೇಲಿನ ಮೈಲೇಜಿನಲ್ಲಿ ಪೆಟ್ರೋಲ್ ಕುಡಿಯುವುದು ಸುಮಾರು 1,280 ಲೀಟರ್, ಡೀಸೆಲ್ 950. ಉಳಿತಾಯ ವರ್ಷಕ್ಕೆ 330 ಲೀಟರ್. ಈಗ ಡೀಸೆಲ್ ಮಾಡೆಲ್‌ಗೆ ಕೊಡುವ ಹೆಚ್ಚುವರಿ ಹಣದಲ್ಲಿ ಎಷ್ಟು ಲೀಟರ್ ಬರುತ್ತದೆ ನೋಡಿ. 2,300 ಲೀಟರ್ ಬಂದರೆ ಅದು ಮುಟ್ಟಲು ಏಳು ವರ್ಷ. ಅಷ್ಟು ಕಾಲ ಗಾಡಿ ಇಟ್ಟುಕೊಳ್ಳುತ್ತೀರಾ? ನಿಮ್ಮಲ್ಲಿ ಎರಡು ಇಂಧನಗಳ ದರಕ್ಕೆ ತುಂಬ ಅಂತರ ಇದ್ದರೆ ಅದನ್ನೂ ಹಾಕಿ. ಡೀಸೆಲ್ ಫಿಲ್ಟರ್, ಯೂರಿಯಾ ದ್ರಾವಣ (ಹೊಗೆಯ ವಿಷ ತಗ್ಗಿಸಲು ಬೇರೆ ಟ್ಯಾಂಕಿಗೆ ಹಾಕುವುದು), ಹೆಚ್ಚು ಆಯಿಲ್ ಇವುಗಳಿಗೆ ವರ್ಷಕ್ಕೆ ಕೆಲವು ಹತ್ತು ಲೀಟರ್ ಕಳೆಯಿರಿ. ಯೂರಿಯಾ ದ್ರಾವಣ ಮುಗಿದರೆ ಎಷ್ಟೋ ಗಾಡಿಗಳು ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ, ಭಾರ ಎಳೆದಾಗ ಅದು ಬೇಗ ಮುಗಿಯುತ್ತದೆ. ದೂರ ಹೊರಡುವ ಮೊದಲು ನೋಡಿ. ಮೈನಸ್ 11 ಡಿಗ್ರಿಗೆ ಅದು ಹೆಪ್ಪುಗಟ್ಟುತ್ತದೆ. ಚಳಿಯಲ್ಲಿ ಡೀಸೆಲ್ ಕೂಡ ಮೇಣದಂತಾಗಿ ಫಿಲ್ಟರ್ ಕಟ್ಟುತ್ತದೆ. ಕಡು ಚಳಿಯ ಜಾಗದವರು ಪೆಟ್ರೋಲ್ ಬಗ್ಗೆ ಇದೊಂದೇ ಕಾರಣಕ್ಕೂ ಯೋಚಿಸಬಹುದು.

ನನ್ನ ತಂಗಿ ಈ ಲೆಕ್ಕ ಮಾಡಿ ಪೆಟ್ರೋಲ್ ಕೊಂಡಳು. ಅವಳದು 700 ಕೆ.ಜಿ.ಯ ಸಣ್ಣ ಟ್ರೇಲರ್, ವರ್ಷಕ್ಕೆ ಒಂಬತ್ತು ಸಲ, ಉಳಿದ ದಿನ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಓಟ. ಅವಳಿಗೆ ಡೀಸೆಲ್ ಎಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. "ನೀನು ಎರಡು ಕುದುರೆಗೆ ಒಂದು ಲಾಯ ಹುಡುಕಿದೆ, ನಾನು ಒಂದು ಗಾಡಿಗೆ ಒಂದು ಬಂಕ್ ಹುಡುಕಿದರೆ ಸಾಕು" ಎಂದು ನಗುತ್ತಾಳೆ. ಟ್ರೇಲರ್ 1,000 ಕೆ.ಜಿ. ಒಳಗೆ ಇದ್ದು ಕಟ್ಟುವ ದಿನ ಬೆರಳೆಣಿಕೆಯಷ್ಟಾದರೆ ನಾನೂ ಅವಳ ಕಡೆಯೇ. 1,500 ಮೀರಿ, ಏರು ಹೆಚ್ಚಿದ್ದು, ದೂರದ ಓಟವೂ ಇದ್ದರೆ ಡೀಸೆಲ್. ನಡುವಿನವರಿಗೆ ನೋಟ್‌ಬುಕ್ಕೇ ಗತಿ. ಇನ್ನು ಕೆಲವು ನಗರಗಳಲ್ಲಿ ಹಳೆಯ ಡೀಸೆಲ್‌ಗೆ ಪ್ರವೇಶವಿಲ್ಲ. ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ನಿಮ್ಮಲ್ಲಿನ ನಿಯಮ ಓದಿಕೊಳ್ಳಿ.

ಹಳೆಯ ಗಾಡಿ ಕೊಳ್ಳುವವರು

ಡೀಸೆಲ್ ಆದರೆ ಮೊದಲು ಆಯಿಲ್ ಕಡ್ಡಿ. ಮೇಲಿನ ಗುರುತು ಮೀರಿದೆಯೇ, ಡೀಸೆಲ್ ವಾಸನೆ ಇದೆಯೇ. ಆಮೇಲೆ ಸೈಲೆನ್ಸರ್ ತುದಿಯೊಳಗೆ ಬೆರಳು ಹಾಕಿ ಒರೆಸಿ, ತಣ್ಣಗಿದ್ದಾಗ. ಜರಡಿ ಸರಿ ಇದ್ದರೆ ಬೆರಳು ಹೆಚ್ಚುಕಡಿಮೆ ಸ್ವಚ್ಛವಾಗಿ ಬರುತ್ತದೆ. ಕಾಡಿಗೆ ಹಚ್ಚಿದ ಹಾಗೆ ಕಪ್ಪಾದರೆ ಜರಡಿ ಒಡೆದಿದೆ, ಇಲ್ಲವೇ ಯಾರೋ ಕಿತ್ತು ಬಿಸಾಡಿದ್ದಾರೆ. ಎರಡನೆಯದು ಬಹಳ ಕಡೆ ಕಾನೂನಿಗೆ ವಿರುದ್ಧ. ಸ್ಕ್ಯಾನರ್ ಇರುವ ಮೆಕ್ಯಾನಿಕ್ಕನ್ನು ಕರೆದೊಯ್ದು ಜರಡಿಯಲ್ಲಿ ಎಷ್ಟು ಬೂದಿ ತುಂಬಿದೆ ಓದಿಸಿ. ಮಸಿ ಸುಡುತ್ತದೆ, ಆಯಿಲ್‌ನಿಂದ ಬರುವ ಬೂದಿ ಸುಡುವುದಿಲ್ಲ, ಅದು ತುಂಬಿದ ಮೇಲೆ ಜರಡಿಯನ್ನೇ ತೆಗೆಸಿ ತೊಳೆಸಬೇಕು, ಅಥವಾ ಬದಲಿಸಬೇಕು.

ಪೆಟ್ರೋಲ್ ಆದರೆ ರೇಡಿಯೇಟರ್ ನೀರಿನ ಬಣ್ಣ, ಗೇರ್‌ಬಾಕ್ಸ್ ಆಯಿಲ್ ಬಣ್ಣ ನೋಡಿ. ಸುಟ್ಟ ವಾಸನೆಯ ಕಂದು ಆಯಿಲ್ ಇದ್ದರೆ ಹಿಂದಿನವರು ಮಿತಿ ಮೀರಿ ಎಳೆದಿರಬಹುದು.

ಯಾವುದೇ ಆಗಲಿ, ನಿಮ್ಮ ಟ್ರೇಲರನ್ನೇ ಕಟ್ಟಿ ಓಡಿಸಲು ಕೇಳಿ. ಕುದುರೆ ಹತ್ತಿಸಬೇಡಿ, ಮರಳಿನ ಮೂಟೆ ಹಾಕಿ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಹತ್ತು ಮೀಟರ್ ಏರಿಗೆ ರಿವರ್ಸ್ ತೆಗೆಯಿರಿ, ಮ್ಯಾನುಯಲ್ ಆದರೆ ಕ್ಲಚ್ ವಾಸನೆ ಬರುತ್ತದೆಯೇ ಮೂಸಿ. ಕೊಡುವವರು ಒಪ್ಪದಿದ್ದರೆ ಕೈಮುಗಿದು ಬಂದುಬಿಡಿ.

ಮೂರನೆಯ ಗಾಡಿಯನ್ನು ಹೀಗೇ ನೋಡಿ ಕೊಂಡೆ. ಕುದುರೆ ಹತ್ತಿಸಿದ ಮೊದಲ ದಿನ ಹೊಸ ಲಾಯದ ತನಕ ಬಂದು ಹಿಂಬಾಗಿಲು ಇಳಿಸಿದಾಗ ಒಂದು ಬಲೆ ಪೂರ್ತಿ ಖಾಲಿ, ಇನ್ನೊಂದರಲ್ಲಿ ನಾಲ್ಕು ಎಳೆ ಹುಲ್ಲು ಉಳಿದಿತ್ತು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ.